ಕುಂಡದ ತಳದ ತೂತು

ತುಳಸಿ ಕುಂಡದ ತಳದಲ್ಲಿ ತೂತು ಯಾಕಿರುತ್ತೆ ಅಂತ ಅಮ್ಮನನ್ನ ಕೇಳಿದ್ರೆ "ನೀರು ನಿಂತ್ರೆ ಬೇರು ಕೊಳೆಯುತ್ತೆ ಕಣೋ" ಅಂತಾರೆ. ಸರಿಯಾದ ಉತ್ತರ. ಆದ್ರೆ ಈ ತೂತು ಬಾಹ್ಯಾಕಾಶದಲ್ಲಿ ಯಾವ ಕೆಲಸಕ್ಕೂ ಬರಲ್ಲ!

ಮರಳಿನಂಥ ಸರಂಧ್ರ ವಸ್ತುವಿನಲ್ಲಿ ನೀರು ಹೇಗೆ ಹರಿಯುತ್ತೆ ಅಂತ ಮೊದಲು ಸರಿಯಾಗಿ ಅಳೆದವನು ಫ್ರಾನ್ಸಿನ ಇಂಜಿನಿಯರ್ ಹೆನ್ರಿ ಡಾರ್ಸಿ. ದಿಜೋಂ ಪಟ್ಟಣಕ್ಕೆ ಕುಡಿಯುವ ನೀರು ತಂದ ಪುಣ್ಯಾತ್ಮ. 1856ರಲ್ಲಿ ಅವನು ಪ್ರಕಟಿಸಿದ ನಿಯಮವನ್ನ ನಾವೆಲ್ಲ ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದವರೇ :-) ಆದ್ರೆ ಅವನ ಮರಳಲ್ಲಿ ಇದ್ದದ್ದು ಬರೀ ನೀರು. ಕುಂಡದ ಮಣ್ಣಲ್ಲಿ ನೀರೂ ಬೇಕು, ಗಾಳಿಯೂ ಬೇಕು. ಬೇರು ಕೂಡ ಉಸಿರಾಡಬೇಕಲ್ಲ?

ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಮಣ್ಣಿನ ಸಂದುಗಳೂ ನೀರನ್ನ ಎಳೆದಿಟ್ಟುಕೊಳ್ಳುತ್ತವೆ. 1 ಮಿ.ಮೀ. ವ್ಯಾಸದ ಗಾಜಿನ ಕೊಳವೆಯಲ್ಲಿ ನೀರು ತಾನಾಗಿ ಸುಮಾರು 3 ಸೆಂ.ಮೀ. ಏರುತ್ತೆ, ಅದಕ್ಕಿಂತ ಮೇಲೆ ಹೋಗೋಕೆ ಭೂಮಿಯ ಸೆಳೆತ ಬಿಡಲ್ಲ. ಈ ಹಗ್ಗಜಗ್ಗಾಟದಲ್ಲಿ ನೀರು ಕೆಳಗಿಳಿದ ಜಾಗಕ್ಕೆ ಗಾಳಿ ಬರುತ್ತೆ. ಕಕ್ಷೆಯಲ್ಲಿ ಎಲ್ಲವೂ ಒಟ್ಟಿಗೆ ಬೀಳ್ತಾ ಇರೋದ್ರಿಂದ ಹಗ್ಗದ ಒಂದು ತುದಿ ಹಿಡಿಯೋರೇ ಇಲ್ಲ. ನೀರು ಕಾಳಿಗೆ, ಬೇರಿಗೆ ಅಂಟಿಕೊಂಡು ಕೂರುತ್ತೆ, ಗಾಳಿ ಗುಳ್ಳೆಗಳಾಗಿ ಎಲ್ಲೆಲ್ಲೋ ಸಿಕ್ಕಿಬೀಳುತ್ತೆ.

1990ರಲ್ಲಿ ಸೋವಿಯತ್ ಒಕ್ಕೂಟದ ಮಿರ್ ನಿಲ್ದಾಣಕ್ಕೆ ಬಲ್ಗೇರಿಯಾದವರು ಮಾಡಿದ 'ಸ್ವೆತ್' ಅನ್ನೋ ಪುಟ್ಟ ಹಸಿರುಮನೆ ಹೋಯ್ತು. ಮಣ್ಣಿನ ಬದಲು ಜಿಯೋಲೈಟ್ ಖನಿಜದ ಕಾಳು, ಅದರಲ್ಲಿ ಮೂಲಂಗಿ. 1996ರಲ್ಲಿ ಅಲ್ಲೇ ಗೋಧಿ ತೆನೆ ಬಿಟ್ಟಿತು, ಒಳಗೆ ಒಂದು ಕಾಳಿಲ್ಲ. (ಆ ಸಲ ತಪ್ಪು ನೀರಿನದ್ದಲ್ಲ, ನಿಲ್ದಾಣದ ಗಾಳಿಯಲ್ಲಿದ್ದ ಎಥಿಲೀನ್ ಅನಿಲದ್ದು.)

ನನಗೆ ಇಷ್ಟವಾದ ಕಥೆ ಮಾತ್ರ ಜಿನ್ನಿಯಾ ಹೂವಿನದು. ನವೆಂಬರ್ 2015ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣದ 'ವೆಜ್ಜಿ'ಯಲ್ಲಿ, ಸುಟ್ಟ ಜೇಡಿಮಣ್ಣಿನ ಕಾಳು ತುಂಬಿದ ಪುಟ್ಟ ದಿಂಬುಗಳಲ್ಲಿ ಬೀಜ ಹಾಕಿದರು. ಡಿಸೆಂಬರ್ ಹೊತ್ತಿಗೆ ಎಲೆಗಳ ಮೇಲೆ ನೀರ ಹನಿ, ಆಮೇಲೆ ಬೂಸ್ಟು. ನೀರು ಹೆಚ್ಚಾಗಿತ್ತು. ವೇಳಾಪಟ್ಟಿ ಬರ್ತಾ ಇದ್ದದ್ದು ಭೂಮಿಯಿಂದ. ಮಂಗಳಕ್ಕೆ ಹೋಗೋದಾದ್ರೆ ಯಾವಾಗ ನೀರು ಹಾಕಬೇಕು ಅಂತ ನಾವೇ ನೋಡಿ ತೀರ್ಮಾನಿಸಬೇಕಲ್ವಾ ಅಂತ ಸ್ಕಾಟ್ ಕೆಲ್ಲಿ ಕೇಳಿದ. ಕೆಳಗಿದ್ದವರು ಒಪ್ಪಿ ಒಂದೇ ಪುಟದ ಆರೈಕೆ ಸೂಚನೆ ಕಳಿಸಿ ಸುಮ್ಮನಾದರು. ಜನವರಿ 2016ರಲ್ಲಿ ಕಿತ್ತಳೆ ಬಣ್ಣದ ಹೂ ಅರಳಿತು. ಅಷ್ಟೊಂದು ಸೆನ್ಸರು, ಲೆಕ್ಕಾಚಾರ ಎಲ್ಲಾ ಇದ್ದೂ ಕೊನೆಗೆ ಗಿಡ ಉಳಿಸಿದ್ದು ದಿನಾ ಹತ್ತಿರ ಹೋಗಿ ನೋಡುವ ಒಂದು ಜೊತೆ ಕಣ್ಣು. ಕೋಡ್ ಬರೆಯೋ ನನಗೆ ಇದು ಸ್ವಲ್ಪ ಚುಚ್ಚಿತು.

ನಮ್ಮ ಇಸ್ರೋ ಕೂಡ 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60ರಲ್ಲಿ ಅಲಸಂದೆ ಬೀಜ ಕಳಿಸಿತ್ತು. ನಾಲ್ಕೇ ದಿನಕ್ಕೆ ಮೊಳಕೆ ಬಂತು, ಆಮೇಲೆ ಎಲೆಯೂ ಬಿಟ್ಟಿತು. ಪುಟ್ಟ ಪ್ರಯೋಗ, ಬೇರು ಕೊಳೆಯುವಷ್ಟು ದಿನ ನಡೆಯಲಿಲ್ಲ.

ಇನ್ನು ಚಂದ್ರನ ಮೇಲೆ? ಅಲ್ಲಿ ಆರನೇ ಒಂದು ಪಾಲು ಸೆಳೆತ ಇದೆ, ಹಾಗಾಗಿ ತೂತು ಕೆಲಸ ಮಾಡುತ್ತೆ. ಆದ್ರೆ ಅದೇ ಗಾಜಿನ ಕೊಳವೆಯಲ್ಲಿ ನೀರು 3ರ ಬದಲು ಸುಮಾರು 18 ಸೆಂ.ಮೀ. ಏರಿ ನಿಲ್ಲುತ್ತೆ. ಅಮ್ಮನ ತುಳಸಿ ಕುಂಡದ ಎತ್ತರ ಅಳೆದು ನೋಡಿದೆ, 20 ಸೆಂ.ಮೀ.