ವಿ. ಕೆ. ಆರ್. ವಿ. ರಾಯರ ಪ್ರಸ್ತಾವ: ವಿಶ್ವಸಂಸ್ಥೆಯಿಂದ ಭಾತಸಾ ನದಿಯವರೆಗೆ

ಎರಡನೆಯ ಮಹಾಯುದ್ಧದ ತರುವಾಯ ಹಿಂದುಳಿದ ದೇಶಗಳ ಅಭಿವೃದ್ಧಿಗೆ ಹಣವನ್ನು ಯಾರು ಕೊಡಬೇಕು, ಎಂಥ ಕರಾರಿನ ಮೇಲೆ ಕೊಡಬೇಕು, ಆ ಹಣದ ಆಡಳಿತವು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗಳು ಉದ್ಭವಿಸಿದವು. ವಿಶ್ವಸಂಸ್ಥೆಯಲ್ಲಿ ಇವಕ್ಕೆ ಮೊದಮೊದಲು ಸ್ಪಷ್ಟವಾದ ಉತ್ತರವನ್ನು ರೂಪಿಸಿದವರಲ್ಲಿ ಮುಂಬಯಿಯಲ್ಲಿ ವ್ಯಾಸಂಗ ಮಾಡಿದ ಡಾ. ವಿ. ಕೆ. ಆರ್. ವಿ. ರಾಯರು ಪ್ರಮುಖರು.

1908ರಲ್ಲಿ ಕಂಚಿಯಲ್ಲಿ ಜನಿಸಿದ ರಾಯರು ಚೌಪಾಟಿಯ ವಿಲ್ಸನ್ ಕಾಲೇಜಿನಲ್ಲಿ ಓದಿ, ಮುಂಬಯಿ ವಿಶ್ವವಿದ್ಯಾನಿಲಯದಿಂದ ಅರ್ಥಶಾಸ್ತ್ರದ ಎಂ. ಎ. ಪದವಿಯನ್ನು ಪಡೆದರು. ಮುಂದೆ ಕೇಂಬ್ರಿಜ್ಜಿನಲ್ಲಿ ಭಾರತದ ರಾಷ್ಟ್ರೀಯ ಆದಾಯವನ್ನು ಕುರಿತು ಅವರು ನಡೆಸಿದ ಸಂಶೋಧನೆಯು ದೇಶದ ಬಡತನಕ್ಕೆ ಅಂಕಿಗಳ ಆಧಾರವನ್ನು ಒದಗಿಸಿತು. ಬಂಗಾಳದ ಕ್ಷಾಮದ ಮರುವರ್ಷ, 1944ರಲ್ಲಿ, ಅವರು ಭಾರತ ಸರ್ಕಾರದ ಆಹಾರ ಇಲಾಖೆಯ ಅಂಕಿಅಂಶ ನಿರ್ದೇಶಕರಾದರು. ಅನಂತರ ವಾಷಿಂಗ್ಟನ್ನಿನಲ್ಲಿ ಭಾರತದ ಆಹಾರ ಮತ್ತು ಆರ್ಥಿಕ ಸಲಹೆಗಾರರಾಗಿದ್ದರು. ಸಿರಿವಂತ ದೇಶದ ಬಾಗಿಲಲ್ಲಿ ಬಡದೇಶದ ಪರವಾಗಿ ನಿಂತ ಈ ಅನುಭವವು ಅವರ ಮುಂದಿನ ವಿಚಾರಗಳಿಗೆ ಭೂಮಿಕೆಯಾಗಿರಬೇಕು.

1947ರಿಂದ 1950ರವರೆಗೆ ರಾಯರು ವಿಶ್ವಸಂಸ್ಥೆಯ ಆರ್ಥಿಕಾಭಿವೃದ್ಧಿ ಉಪಸಮಿತಿಯ ಅಧ್ಯಕ್ಷರಾಗಿದ್ದರು. ಆಗ ವಿಶ್ವಬ್ಯಾಂಕು ಅಸ್ತಿತ್ವದಲ್ಲಿದ್ದಿತಾದರೂ, ಅದು ಸಾಲಗಾರನ ತೀರಿಸುವ ಶಕ್ತಿಯನ್ನು ನೋಡಿ, ಮಾರುಕಟ್ಟೆಗೆ ಸಮೀಪವಾದ ಬಡ್ಡಿಗೆ ಸಾಲ ಕೊಡುತ್ತಿತ್ತು. ಕುಡಿಯುವ ನೀರು, ರಸ್ತೆ, ಶಾಲೆ ಮುಂತಾದವು ಬೇಗ ಆದಾಯ ತರುವಂಥವಲ್ಲ. ಆದರೆ ಅವಿಲ್ಲದೆ ಅಭಿವೃದ್ಧಿಯಿಲ್ಲ. ಆದ್ದರಿಂದ ನಾಮಮಾತ್ರ ಬಡ್ಡಿಗೆ, ದೀರ್ಘಾವಧಿಗೆ ಹಣ ಒದಗಿಸುವ ಪ್ರತ್ಯೇಕ ಸಂಸ್ಥೆಯೊಂದು ವಿಶ್ವಸಂಸ್ಥೆಯ ಆಶ್ರಯದಲ್ಲಿಯೇ ಸ್ಥಾಪಿತವಾಗಬೇಕೆಂದು ರಾಯರು 1949ರಲ್ಲಿ ಸೂಚಿಸಿದರು.

ಸಿರಿವಂತ ರಾಷ್ಟ್ರಗಳು ಇದನ್ನು ಒಪ್ಪಲಿಲ್ಲ. ಹಣದ ಚಿಂತೆಯೊಂದೇ ಇದಕ್ಕೆ ಕಾರಣವಲ್ಲ. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಪ್ರತಿ ರಾಷ್ಟ್ರಕ್ಕೂ ಒಂದೇ ಮತ. ಬ್ಯಾಂಕಿನಲ್ಲಿಯಾದರೋ ಬಂಡವಾಳಕ್ಕೆ ತಕ್ಕಷ್ಟು ಮತ. ಆದರೂ ವಿಚಾರವು ಅಳಿಯಲಿಲ್ಲ. 1951ರಲ್ಲಿ ಪುಣೆಯ ಡಿ. ಆರ್. ಗಾಡಗೀಳರೂ ಇದ್ದ ತಜ್ಞಮಂಡಲಿಯು ಇಂಥದೇ ಸಂಸ್ಥೆಯನ್ನು ಶಿಫಾರಸು ಮಾಡಿತು. ಒಂದು ದಶಕದ ವಾದವಿವಾದದ ಫಲವಾಗಿ ವಿಶ್ವಸಂಸ್ಥೆಗೆ ದೊರೆತದ್ದು, ಯೋಜನೆಗಳ ಪೂರ್ವಸಿದ್ಧತೆಗೆ ಮಾತ್ರ ನೆರವಾಗುವ ವಿಶೇಷ ನಿಧಿ. ನಿಜವಾದ ಬಂಡವಾಳವು 1960ರಲ್ಲಿ ವಿಶ್ವಬ್ಯಾಂಕಿನ ಅಂಗವಾಗಿ ಹುಟ್ಟಿದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘದ ಪಾಲಾಯಿತು. ಐವತ್ತು ವರ್ಷಗಳ ಅವಧಿ, ಮೊದಲ ಹತ್ತು ವರ್ಷ ಅಸಲಿನ ಕಂತಿಲ್ಲ, ಬಡ್ಡಿಯ ಬದಲು ಶೇಕಡಾ ಮುಕ್ಕಾಲು ಸೇವಾಶುಲ್ಕ: ಇವು ಅದರ ಆರಂಭದ ಕರಾರುಗಳು. ರಾಯರು ಬಯಸಿದ ಸಾಲವು ಬಂದಿತು. ಅವರು ಬಯಸಿದ ಆಡಳಿತವು ಬರಲಿಲ್ಲ.

ಈ ಇತಿಹಾಸವು ಮುಂಬಯಿಯ ನಿವಾಸಿಗಳಿಗೆ ದೂರದ ಮಾತಲ್ಲ. 1973ರಲ್ಲಿ ಇದೇ ಸಂಘವು ಈ ನಗರದ ನೀರು ಸರಬರಾಯಿ ಮತ್ತು ಒಳಚರಂಡಿ ಯೋಜನೆಗೆ 5.5 ಕೋಟಿ ಡಾಲರುಗಳ ಸಾಲವನ್ನು ಮಂಜೂರು ಮಾಡಿತು. ಠಾಣೆ ಜಿಲ್ಲೆಯ ಭಾತಸಾ ನದಿಯ ನೀರನ್ನು ನಗರಕ್ಕೂ ಉಪನಗರಗಳಿಗೂ ತರುವ ಕಾರ್ಯಕ್ಕೆ ಅದು ನೆರವಾಯಿತು. ವಿಲ್ಸನ್ ಕಾಲೇಜಿನ ಹಳೆಯ ವಿದ್ಯಾರ್ಥಿಯ ವಿಚಾರವು, ರೂಪ ಬದಲಿಸಿಕೊಂಡು, ಅವರು ಓದಿದ ಊರಿಗೇ ಮರಳಿತೆನ್ನಬಹುದು.

ರಾಯರು 1967ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರ ಸಚಿವರಾದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. 1991ರಲ್ಲಿ ನಿಧನ ಹೊಂದಿದರು. ಅವರು ಕಟ್ಟಿದ ವಿದ್ಯಾಸಂಸ್ಥೆಗಳನ್ನು ನಾಡು ಬಲ್ಲದು. ಅಂತರರಾಷ್ಟ್ರೀಯ ರಂಗದಲ್ಲಿ ಅವರು ಮಾಡಿದ ಕೆಲಸಕ್ಕೆ ಅಂಥ ಕಟ್ಟಡವಿಲ್ಲ, ಫಲಕವಿಲ್ಲ. ಬಡರಾಷ್ಟ್ರಕ್ಕೆ ಹಣದಷ್ಟೇ ಆ ಹಣದ ಆಡಳಿತದಲ್ಲಿ ಸಮಾನವಾದ ಮಾತೂ ಅವಶ್ಯಕವೆಂಬ ಅಂಶದಲ್ಲಿ, 1949ರ ಆ ಪ್ರಸ್ತಾವದ ಅರ್ಧಭಾಗವು ಇಂದಿಗೂ ಈಡೇರದೆ ಉಳಿದಿದೆ.