ಎಸ್‌ಒಎಸ್ ಅಂದರೆ ‘ಸೇವ್ ಅವರ್ ಸೋಲ್ಸ್’ ಅಲ್ಲ! ರೇಡಿಯೊ ಮಾತಿನ ವಿಚಿತ್ರ ಪದಗಳ ಹಿಂದಿನ ನಿಜ

‘ಎಸ್‌ಒಎಸ್ ಅಂದರೆ ಸೇವ್ ಅವರ್ ಸೋಲ್ಸ್’, ‘ರೋಜರ್ ಅಂದರೆ ಯೆಸ್’, ‘ಮೇಡೇಗೂ ಮೇ ತಿಂಗಳಿಗೂ ನಂಟಿದೆ’. ವಿಮಾನ ಅಥವಾ ಹಡಗಿನ ಸುದ್ದಿ ಬಂದಾಗಲೆಲ್ಲ ಇಂಥ ಮಾಹಿತಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಓದಲು ಚೆನ್ನಾಗಿದೆ, ಆದರೆ ಹೆಚ್ಚಿನದು ತಪ್ಪು. ರೇಡಿಯೊ ಮಾತಿನಲ್ಲಿ ಒಂದು ಪದ ಆಚೀಚೆಯಾದರೆ ಏನಾಗುತ್ತದೆ ಎಂಬುದಕ್ಕೆ ನೂರಾರು ಜನರ ಸಾವೇ ಸಾಕ್ಷಿ ಇದೆ. ಹಾಗಾಗಿ ಈ ಪದಗಳನ್ನು ಒಂದೊಂದಾಗಿ ನೋಡೋಣ.

ಎಸ್‌ಒಎಸ್: ಇದಕ್ಕೆ ವಿಸ್ತೃತ ರೂಪವೇ ಇಲ್ಲ

ಮೋರ್ಸ್ ಸಂಕೇತದಲ್ಲಿ ಇದು ಮೂರು ಚುಕ್ಕೆ, ಮೂರು ಗೆರೆ, ಮೂರು ಚುಕ್ಕೆ. ಅಕ್ಷರಗಳ ನಡುವೆ ಬಿಡುವು ಕೊಡದೆ ಒಂದೇ ಉಸಿರಿನಲ್ಲಿ ಕಳುಹಿಸಬೇಕು. ಗದ್ದಲದಲ್ಲೂ ಸುಲಭವಾಗಿ ಗುರುತು ಸಿಗುತ್ತದೆ ಎಂಬ ಕಾರಣಕ್ಕೆ ಇದನ್ನು ಆರಿಸಲಾಯಿತು. ಮೊದಲು ಜರ್ಮನಿ 1905ರಲ್ಲಿ ಬಳಕೆಗೆ ತಂದಿತು. 1906ರ ಬರ್ಲಿನ್ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಸೇರಿ, 1908ರ ಜುಲೈ 1ರಿಂದ ಜಾರಿಗೆ ಬಂತು. ‘ನಮ್ಮ ಪ್ರಾಣ ಉಳಿಸಿ’, ‘ನಮ್ಮ ಹಡಗು ಉಳಿಸಿ’ ಎಂಬ ಅರ್ಥಗಳನ್ನು ಜನ ಆಮೇಲೆ ಹಚ್ಚಿದರು.

ಅದಕ್ಕೂ ಮೊದಲು ಮಾರ್ಕೋನಿ ಕಂಪನಿಯ ಆಪರೇಟರುಗಳು ‘ಸಿಕ್ಯುಡಿ’ ಬಳಸುತ್ತಿದ್ದರು. ‘ಸಿಕ್ಯು’ ಎಂದರೆ ಎಲ್ಲ ಕೇಂದ್ರಗಳಿಗೂ ಕರೆ, ‘ಡಿ’ ಎಂದರೆ ಅಪಾಯ. ಇದಕ್ಕೂ ಜನ ‘ಕಮ್ ಕ್ವಿಕ್, ಡೇಂಜರ್’ ಎಂಬ ಕಥೆ ಕಟ್ಟಿದರು. 1912ರಲ್ಲಿ ಟೈಟಾನಿಕ್ ಹಡಗಿನಿಂದ ಸಿಕ್ಯುಡಿ, ಎಸ್‌ಒಎಸ್ ಎರಡೂ ಹೋಗಿದ್ದವು.

ಮೇಡೇ: ಮೇ ದಿನವಲ್ಲ, ಫ್ರೆಂಚ್ ಮಾತು

ತಂತಿ ಸಂಕೇತ ಹೋಗಿ ಬಾಯಿಮಾತಿನ ರೇಡಿಯೊ ಬಂದಾಗ ಹೊಸ ತೊಂದರೆ ಶುರುವಾಯಿತು. ‘ಎಸ್’ ಶಬ್ದ ಗೊರಗೊರದ ನಡುವೆ ಸರಿಯಾಗಿ ಕೇಳಿಸುತ್ತಿರಲಿಲ್ಲ. 1920ರ ದಶಕದ ಆರಂಭದಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೊ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ಹೊಸ ಪದವೊಂದನ್ನು ಸೂಚಿಸಿದರು. ಆಗ ಅಲ್ಲಿಂದ ಹೆಚ್ಚಿನ ವಿಮಾನಗಳು ಪ್ಯಾರಿಸ್‌ಗೆ ಹೋಗುತ್ತಿದ್ದವು. ‘ನನಗೆ ಸಹಾಯ ಮಾಡಿ’ ಎಂಬ ಫ್ರೆಂಚ್ ಮಾತಿನ ಉಚ್ಚಾರಣೆಯನ್ನೇ ಇಂಗ್ಲಿಷ್ ಕಾಗುಣಿತದಲ್ಲಿ ಬರೆದರೆ ‘ಮೇಡೇ’. 1927ರ ವಾಷಿಂಗ್ಟನ್ ಒಪ್ಪಂದ ಇದನ್ನು ಒಪ್ಪಿತು. ಬೇರೆ ಮಾತಿನ ನಡುವೆ ಕಳೆದುಹೋಗದಿರಲಿ ಎಂದು ಇದನ್ನು ಮೂರು ಸಲ ಹೇಳಬೇಕು.

ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲ, ಆದರೆ ತುರ್ತು ಇದೆ ಎಂದಾಗ ‘ಪ್ಯಾನ್ ಪ್ಯಾನ್’ ಎನ್ನುತ್ತಾರೆ. ಅದೂ ಫ್ರೆಂಚಿನದೇ. ಗಾಡಿ ಕೆಟ್ಟು ನಿಂತಿದೆ ಎಂಬ ಅರ್ಥದ ಪದ ಅದರ ಮೂಲ.

ರೋಜರ್ ಎಂದರೆ ‘ಯೆಸ್’ ಅಲ್ಲ

‘ನೀವು ಹೇಳಿದ್ದು ತಲುಪಿತು’ ಎಂಬುದಷ್ಟೇ ರೋಜರ್‌ನ ಅರ್ಥ. ‘ರಿಸೀವ್ಡ್’ ಎಂಬ ಪದದ ಮೊದಲ ಅಕ್ಷರ ‘ಆರ್’. ಹಳೆಯ ಅಕ್ಷರ ಪಟ್ಟಿಯಲ್ಲಿ ‘ಆರ್’ಗೆ ಇದ್ದ ಹೆಸರು ರೋಜರ್. ಈಗಿನ ಪಟ್ಟಿಯಲ್ಲಿ ‘ಆರ್’ ಎಂದರೆ ರೋಮಿಯೊ, ಆದರೂ ರೋಜರ್ ಮಾತ್ರ ಉಳಿದುಕೊಂಡಿತು. ‘ಹೇಳಿದಂತೆ ಮಾಡುತ್ತೇನೆ’ ಎನ್ನಲು ‘ವಿಲ್ಕೊ’ ಎಂಬ ಬೇರೆ ಪದವಿದೆ.

ಸಿನಿಮಾದಲ್ಲಿ ಕೇಳುವ ‘ಓವರ್ ಆ್ಯಂಡ್ ಔಟ್’ ಕೂಡ ತಪ್ಪು ಬಳಕೆ. ‘ಓವರ್’ ಎಂದರೆ ಈಗ ನೀವು ಮಾತನಾಡಿ. ‘ಔಟ್’ ಎಂದರೆ ನನ್ನ ಮಾತು ಮುಗಿಯಿತು, ಉತ್ತರ ಬೇಡ. ಎರಡನ್ನೂ ಒಟ್ಟಿಗೆ ಹೇಳಿದರೆ ‘ಮಾತಾಡಿ, ಮಾತಾಡಬೇಡಿ’ ಎಂದಂತೆ!

ಕಾಗುಣಿತ ತಪ್ಪಲ್ಲ, ಬೇಕೆಂದೇ ಹಾಗಿದೆ

ಫೋನಿನಲ್ಲಿ ಹೆಸರು ಬರೆಸುವಾಗ ನಾವು ‘ಬಿ ಫಾರ್ ಬಾಂಬೆ, ಡಿ ಫಾರ್ ಡೆಲ್ಲಿ’ ಎನ್ನುತ್ತೇವಲ್ಲ, ವಿಮಾನಯಾನದಲ್ಲಿ ಅದಕ್ಕೆ ‘ಆಲ್ಫಾ, ಬ್ರಾವೊ, ಚಾರ್ಲಿ’ ಪಟ್ಟಿ ಇದೆ. ಈಗಿನ ಪಟ್ಟಿ 1956ರಲ್ಲಿ ಜಾರಿಗೆ ಬಂತು. ಅದರಲ್ಲಿ ‘ಆಲ್ಫಾ’ ಪದವನ್ನು ಇಂಗ್ಲಿಷಿನಲ್ಲಿ ‘ಪಿಎಚ್’ ಬದಲು ‘ಎಫ್’ ಹಾಕಿ ಬರೆಯುತ್ತಾರೆ. ‘ಪಿಎಚ್’ ಬಂದರೆ ‘ಫ’ ಎಂದು ಓದಬೇಕೆಂಬುದು ಎಲ್ಲ ಭಾಷೆಯವರಿಗೂ ಗೊತ್ತಿರುವುದಿಲ್ಲ. ‘ಜೂಲಿಯೆಟ್’ ಪದದ ಕೊನೆಗೆ ಎರಡು ‘ಟಿ’ ಇವೆ. ಒಂದೇ ಇದ್ದರೆ ಫ್ರೆಂಚರು ಅದನ್ನು ಉಚ್ಚರಿಸದೇ ಬಿಡಬಹುದು. ಸಂಖ್ಯೆಗಳಲ್ಲೂ ಇದೇ ಜಾಣತನ ಇದೆ. ‘ಫೈವ್’ಗೆ ‘ಫೈಫ್’, ‘ನೈನ್’ಗೆ ‘ನೈನರ್’. ಇಲ್ಲದಿದ್ದರೆ ಕೆಟ್ಟ ಸಿಗ್ನಲ್‌ನಲ್ಲಿ ಐದೂ ಒಂಬತ್ತೂ ಒಂದೇ ಥರ ಕೇಳಿಸುತ್ತವೆ.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ?

1977ರ ಮಾರ್ಚ್ 27. ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಕೆಎಲ್‌ಎಂ ವಿಮಾನದಿಂದ, ತಾವೀಗ ‘ಟೇಕಾಫ್’ನಲ್ಲಿದ್ದೇವೆ ಎಂಬರ್ಥದ ಮಾತು ಬಂತು. ವಿಮಾನ ಆಗಲೇ ಓಡಲು ಶುರು ಮಾಡಿತ್ತು. ಅದು ಹೊರಡಲು ಸಿದ್ಧವಾಗಿ ನಿಂತಿದೆ ಎಂದುಕೊಂಡ ಕಂಟ್ರೋಲರ್ ಮೊದಲು ‘ಓಕೆ’ ಎಂದರು. ಕಾಯಿರಿ ಎಂದು ಅವರು ಮುಂದೆ ಹೇಳಿದ ಮಾತು, ಅದೇ ಕ್ಷಣ ಪ್ಯಾನ್ ಆ್ಯಮ್ ವಿಮಾನದವರೂ ಮಾತನಾಡಿದ್ದರಿಂದ ಸ್ಪಷ್ಟವಾಗಿ ತಲುಪಲಿಲ್ಲ. ರನ್‌ವೇ ಮೇಲೆ ಎರಡು ಬೋಯಿಂಗ್ 747ಗಳು ಡಿಕ್ಕಿಯಾಗಿ 583 ಜನ ಸತ್ತರು. ಮಂಜು, ಅವಸರ ಮುಂತಾದ ಬೇರೆ ಕಾರಣಗಳೂ ಇದ್ದವು. ಆದರೆ ಆ ಬಳಿಕ ಒಂದು ನಿಯಮ ಬಂತು. ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ‘ಟೇಕಾಫ್’ ಪದ ಬಳಸಬೇಕು. ಉಳಿದ ಕಡೆ ‘ಡಿಪಾರ್ಚರ್’.

1990ರ ಜನವರಿ 25ರಂದು ಕೊಲಂಬಿಯಾದಿಂದ ಬಂದ ಏವಿಯಾಂಕಾ 52 ವಿಮಾನ ನ್ಯೂಯಾರ್ಕ್ ಬಳಿ ಇಂಧನ ಮುಗಿದು ಬಿತ್ತು. 73 ಜನ ಸತ್ತರು. ಇಂಧನ ಮುಗಿಯುತ್ತಿದೆ, ಆದ್ಯತೆ ಬೇಕು ಎಂದು ಸಿಬ್ಬಂದಿ ಹೇಳಿದ್ದರು. ‘ಎಮರ್ಜೆನ್ಸಿ’ ಎಂಬ ಪದವನ್ನು ಮಾತ್ರ ಕಂಟ್ರೋಲರ್‌ಗೆ ಹೇಳಲೇ ಇಲ್ಲ.

ಇದಕ್ಕೆ ಹೋಲಿಸಿ ನೋಡಿ: 2025ರ ಜೂನ್‌ನಲ್ಲಿ ಗುವಾಹಟಿಯಿಂದ ಚೆನ್ನೈಗೆ ಹೊರಟಿದ್ದ ವಿಮಾನವೊಂದು ಇಂಧನ ಕಡಿಮೆಯಾಗಿ ‘ಮೇಡೇ’ ಕರೆ ಕೊಟ್ಟು ಬೆಂಗಳೂರಿನಲ್ಲಿ ಸುರಕ್ಷಿತವಾಗಿ ಇಳಿಯಿತು. ಮೇಡೇ ಎಂದರೆ ವಿಮಾನ ಬಿದ್ದೇಬಿಡುತ್ತದೆ ಎಂದಲ್ಲ. ಆ ಪದ ಕೇಳಿದರೆ ಉಳಿದವರೆಲ್ಲ ದಾರಿ ಬಿಡಬೇಕು ಎಂದರ್ಥ.

ನಮಗೆ, ನಿಮಗೆ ಏನು ಉಪಯೋಗ?

ಮಲ್ಪೆ, ಮಂಗಳೂರು, ಕಾರವಾರದ ಕಡೆ ಮೀನುಗಾರಿಕೆಗೆ ಹೋಗುವವರು ನಿಮ್ಮ ಮನೆಯಲ್ಲಿದ್ದರೆ ಇದನ್ನು ತಿಳಿಸಿ. ಬೋಟಿನ ವಿಎಚ್‌ಎಫ್ ರೇಡಿಯೊದಲ್ಲಿ ಅಪಾಯದ ಕರೆಗೆ ಇರುವುದು 16ನೇ ಚಾನೆಲ್. ಮೂರು ಸಲ ‘ಮೇಡೇ’, ಬೋಟಿನ ಹೆಸರು, ಇರುವ ಜಾಗ, ಏನಾಗಿದೆ, ಎಷ್ಟು ಜನ ಇದ್ದೀರಿ ಎಂಬುದನ್ನು ಹೇಳಬೇಕು. ಫೋನ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್ ಉಚಿತ ಸಂಖ್ಯೆ 1554. ನೆಲದ ಮೇಲಿದ್ದರೆ 112. ತಮಾಷೆಗೆ ಮೇಡೇ ಕರೆ ಕೊಡಬೇಡಿ. ನಿಜವಾಗಿ ಮುಳುಗುತ್ತಿರುವವರ ಕರೆ ಅದರಡಿ ಸಿಕ್ಕಿ ಕೇಳಿಸದೇ ಹೋಗಬಹುದು.

ಒಟ್ಟಾರೆ: ಎಸ್‌ಒಎಸ್‌ಗೆ ವಿಸ್ತೃತ ರೂಪವಿಲ್ಲ, ಮೇಡೇ ಫ್ರೆಂಚ್ ಮೂಲದ್ದು, ರೋಜರ್ ಎಂದರೆ ‘ತಲುಪಿತು’ ಮಾತ್ರ. ಮುಂದಿನ ಸಲ ಹಳೆಯ ಫಾರ್ವರ್ಡ್ ಬಂದರೆ, ಈ ಮೂರು ಮಾತಿನ ಜೊತೆಗೆ 112 ಮತ್ತು 1554 ಸಂಖ್ಯೆಗಳನ್ನೂ ಸೇರಿಸಿ ಕಳುಹಿಸಿ.