ಉದ್ರಿ ಬಾಕಿ ವಸೂಲಿಗೆ ಸಿವಿಲ್ ದಾವೆ: ಮೂರು ವರ್ಷ ದಾಟುವ ಮುನ್ನ ಕೋರ್ಟಿಗೆ ಏನೇನು ಒಯ್ಯಬೇಕು?

ಗೊಬ್ಬರ, ಸಿಮೆಂಟು, ಕಿರಾಣಿ, ಬಟ್ಟೆ, ಯಾವ ಅಂಗಡಿಯಾದರೂ ಖಾತೆ ಪುಸ್ತಕದಲ್ಲಿ ಉದ್ರಿ ಬಾಕಿ ಇದ್ದೇ ಇರುತ್ತದೆ. ‘ಸುಗ್ಗಿ ಆಗ್ಲಿ, ಕೊಡ್ತೀನಿ’ ಅನ್ನೋ ಮಾತಿನ ಮೇಲೆ ವರ್ಷ ಎರಡು ಕಳೆದುಹೋಗುತ್ತದೆ. ಮೂರು ವರ್ಷ ದಾಟಿದರೆ, ಬಾಕಿ ನಿಜವೇ ಇದ್ದರೂ ಕೋರ್ಟು ದಾವೆಯನ್ನು ವಜಾ ಮಾಡಬೇಕಾಗುತ್ತದೆ. ಎದುರು ಪಾರ್ಟಿ ಆ ತಕರಾರು ಎತ್ತದಿದ್ದರೂ ಅಷ್ಟೇ. ಹಾಗಾಗಿ ದಾವೆ ಹಾಕುವವರು ಮೊದಲು ನೋಡಬೇಕಾದ್ದು ತಾರೀಖು.

ಮೂರು ವರ್ಷ ಯಾವಾಗಿನಿಂದ?

1963ರ ಕಾಲಮಿತಿ ಕಾಯ್ದೆಯ ಪ್ರಕಾರ, ಇಷ್ಟು ದಿನ ಉದ್ರಿ ಎಂದು ಮಾತಾಗದೆ ಮಾಲು ಕೊಟ್ಟಿದ್ದರೆ, ಮಾಲು ಕೊಟ್ಟ ದಿನದಿಂದ ಮೂರು ವರ್ಷ. ‘ಮೂರು ತಿಂಗಳ ಉದ್ರಿ’ ಎಂದು ಮಾತಾಗಿದ್ದರೆ ಆ ಮೂರು ತಿಂಗಳು ಮುಗಿದ ದಿನದಿಂದ ಲೆಕ್ಕ. ಕೈಸಾಲವಾದರೆ ಸಾಮಾನ್ಯವಾಗಿ ಹಣ ಕೊಟ್ಟ ದಿನದಿಂದ.

ಕೊನೆಯ ಬಿಲ್ಲಿನಿಂದ ಇಡೀ ಖಾತೆಗೆ ಮೂರು ವರ್ಷ ಸಿಗುತ್ತದೆ ಎಂದು ಹಲವರು ನಂಬಿದ್ದಾರೆ. ಅಂಗಡಿಯವರು ಮಾಲು ಕೊಡುತ್ತ, ಗಿರಾಕಿ ದುಡ್ಡು ಕಟ್ಟುತ್ತ ಬಂದ ಮಾಮೂಲಿ ಖಾತೆಗೆ ಹಾಗಾಗುವುದಿಲ್ಲ. ಪ್ರತಿ ಬಿಲ್ಲಿಗೂ ಅದರದೇ ಗಡುವು. 2023ರ ಜೂನ್ 10ರಂದು ಕೊಟ್ಟ ಸಿಮೆಂಟಿಗೆ 2026ರ ಜೂನ್ 10 ಕೊನೆ. ಅಂದು ಕೋರ್ಟಿಗೆ ರಜೆ ಇದ್ದರೆ, ಬಾಗಿಲು ತೆರೆದ ಮೊದಲ ದಿನವೇ ಸಲ್ಲಿಸಬೇಕು.

ಗಡುವು ಮುಗಿಯುವ ಮುನ್ನ ಸಾಲಗಾರ ‘ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಹಾಕಿದರೆ, ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಶುರು. ಸ್ವಲ್ಪ ಹಣ ಕಟ್ಟಿ, ಕಟ್ಟಿದ್ದನ್ನು ತನ್ನ ಕೈಬರಹದಲ್ಲೋ ಸಹಿಯಲ್ಲೋ ದಾಖಲಿಸಿದರೂ ಹೀಗೆಯೇ. ಬಾಯಿಮಾತಿಗೆ ಈ ಬೆಲೆ ಇಲ್ಲ. ವರ್ಷಕ್ಕೊಮ್ಮೆ ಖಾತೆ ತೋರಿಸಿ ಸಹಿ ಮಾಡಿಸಿಕೊಳ್ಳುವ ಹಳೇ ಪದ್ಧತಿ ಬಿಡದಿರುವುದು ಒಳ್ಳೆಯದು.

ಯಾವ ಕೋರ್ಟು?

ಪ್ರತಿವಾದಿ ವಾಸವಿರುವ ಅಥವಾ ವ್ಯಾಪಾರ ಮಾಡುವ ಊರಿನ ಕೋರ್ಟಿನಲ್ಲಿ ದಾವೆ ಹಾಕಬಹುದು. ವ್ಯವಹಾರ ನಡೆದ ಜಾಗದ ಕೋರ್ಟಿನಲ್ಲೂ ಹಾಕಬಹುದು. ಅಂಗಡಿಯಲ್ಲೇ ಮಾಲು ಕೊಟ್ಟಿದ್ದರೆ, ಗಿರಾಕಿ ಬೇರೆ ಜಿಲ್ಲೆಗೆ ಹೋಗಿದ್ದರೂ ಅಂಗಡಿ ಇರುವ ತಾಲ್ಲೂಕಿನಲ್ಲೇ ದಾವೆಗೆ ಅವಕಾಶ ಉಂಟು. ಸಣ್ಣ ಮೊತ್ತ ಕಿರಿಯ ಶ್ರೇಣಿ ಸಿವಿಲ್ ನ್ಯಾಯಾಧೀಶರ ಮುಂದೆ, ಮಿತಿ ಮೀರಿದ್ದು ಹಿರಿಯ ಶ್ರೇಣಿಗೆ. ವ್ಯಾಪಾರಿ ವ್ಯಾಪಾರಿ ನಡುವಿನ ವ್ಯವಹಾರ 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವಾಣಿಜ್ಯ ವ್ಯಾಜ್ಯ. ತುರ್ತು ಮಧ್ಯಂತರ ಆದೇಶ ಬೇಡದಿದ್ದರೆ ಅಂಥದ್ದಕ್ಕೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ.

ಖಾಸಗಿಯವರ ಮೇಲಿನ ಹಣದ ದಾವೆಗೆ ಲಾಯರ್ ನೋಟಿಸ್ ಕಡ್ಡಾಯವಲ್ಲ. ಆದರೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕೊಟ್ಟರೆ ಎಷ್ಟೋ ಬಾಕಿ ಅಲ್ಲೇ ಬಗೆಹರಿಯುತ್ತದೆ. ಸರ್ಕಾರದ ಮೇಲಾದರೆ ಎರಡು ತಿಂಗಳ ಮುಂಚಿತ ನೋಟಿಸ್ ಬೇಕೇ ಬೇಕು. ಗಮನಿಸಿ, ಖಾಸಗಿಯವರಿಗೆ ನೋಟಿಸ್ ಕೊಟ್ಟ ಮಾತ್ರಕ್ಕೆ ಮೂರು ವರ್ಷದ ಗಡುವು ನಿಲ್ಲುವುದಿಲ್ಲ.

ಕಡತದಲ್ಲಿ ಏನೇನಿರಬೇಕು?

1. ವಾದಪತ್ರ: ಕೋರ್ಟಿನ ಹೆಸರು, ಇಬ್ಬರ ಪೂರ್ತಿ ಹೆಸರು ಮತ್ತು ವಿಳಾಸ, ಯಾವ ದಿನ ಏನು ಕೊಟ್ಟಿದ್ದು, ಎಷ್ಟು ಬಂತು, ಎಷ್ಟು ಬಾಕಿ, ವ್ಯಾಜ್ಯಕಾರಣ ಹುಟ್ಟಿದ ದಿನ, ಈ ಕೋರ್ಟಿಗೆ ಅಧಿಕಾರ ಹೇಗೆ, ಏನು ಪರಿಹಾರ ಬೇಕು. ಬಡ್ಡಿ ಬೇಕಿದ್ದರೆ ಕೇಳಲೇಬೇಕು. ಒಂದೇ ವ್ಯವಹಾರದ ಬಾಕಿಯಲ್ಲಿ ಒಂದಷ್ಟು ಬಿಟ್ಟು ದಾವೆ ಹಾಕಿದರೆ, ಬಿಟ್ಟದ್ದಕ್ಕೆ ಮತ್ತೆ ದಾವೆ ಹಾಕಲು ಬರುವುದಿಲ್ಲ.

2. ಸತ್ಯಾಪನೆ ಮತ್ತು ಪ್ರಮಾಣಪತ್ರ: ಬರೆದದ್ದು ನಿಜ ಎಂದು ವಾದಿಯ ಸಹಿ. ಓದದೆ ಸಹಿ ಹಾಕಬಾರದು. ಪಾಟೀ ಸವಾಲಿನಲ್ಲಿ ಉತ್ತರ ಕೊಡಬೇಕಾದವರು ವಾದಿಯೇ.

3. ದಾಖಲೆಗಳು ಮತ್ತು ಅವುಗಳ ಪಟ್ಟಿ: ಬಿಲ್ಲು, ಡೆಲಿವರಿ ಚೀಟಿ, ಸಹಿ ಇರುವ ಖಾತೆ ಪುಟ, ಬ್ಯಾಂಕ್ ಸ್ಟೇಟ್‌ಮೆಂಟು, ನೋಟಿಸಿನ ಪ್ರತಿ. ಮೊದಲೇ ಕೊಡದ ದಾಖಲೆಯನ್ನು ಮುಂದೆ ಹಾಜರುಪಡಿಸಲು ಕೋರ್ಟಿನ ಅನುಮತಿ ಬೇಕು.

4. ವಕಾಲತ್ತು: ವಕೀಲರ ಮೂಲಕ ಹೋದರೆ. ಸ್ವಂತ ದಾವೆಯನ್ನು ತಾನೇ ನಡೆಸುವುದಕ್ಕೂ ಅವಕಾಶವಿದೆ.

5. ವ್ಯಾಲ್ಯುಯೇಷನ್ ಸ್ಲಿಪ್, ಕೋರ್ಟ್ ಶುಲ್ಕ, ಸಮನ್ಸ್‌ಗೆ ಪ್ರೊಸೆಸ್ ಫೀ, ಪ್ರತಿ ಪ್ರತಿವಾದಿಗೊಂದರಂತೆ ವಾದಪತ್ರದ ಪ್ರತಿ.

ಇಲ್ಲಿ ಅಂಗಡಿಯವರು ಎಡವುವುದು ಖಾತೆ ಪುಸ್ತಕದ ವಿಚಾರದಲ್ಲಿ. ಕ್ರಮವಾಗಿ ಬರೆದ ಕಿರ್ದಿ, ಖಾತೆ ಸಾಕ್ಷ್ಯವಾಗುತ್ತದೆ ನಿಜ, ಆದರೆ ಅದೊಂದರಿಂದಲೇ ಯಾರ ಮೇಲೂ ಬಾಕಿ ಹೊರಿಸಲು ಆಗುವುದಿಲ್ಲ. ಜತೆಗೆ ಗಿರಾಕಿಯ ಸಹಿಯೋ, ಮಾಲು ಇಳಿಸಿದ ಚೀಟಿಯೋ, ಕಂಡವರ ಸಾಕ್ಷಿಯೋ ಬೇಕು. ವಾಟ್ಸ್‌ಆ್ಯಪ್ ಸಂದೇಶದ ಪ್ರಿಂಟ್ ಕೊಡುವುದಾದರೆ ಕಾನೂನು ಹೇಳುವ ಪ್ರಮಾಣಪತ್ರ ಲಗತ್ತಿಸಬೇಕು.

ಖರ್ಚು ಎಷ್ಟು?

ಹಣದ ದಾವೆಗೆ ಶುಲ್ಕ, ಕೇಳಿದ ಮೊತ್ತದ ಮೇಲೆ. ಕರ್ನಾಟಕದ 1958ರ ನ್ಯಾಯಾಲಯ ಶುಲ್ಕ ಕಾಯ್ದೆಯ ಪಟ್ಟಿಯಂತೆ 15,000 ರೂಪಾಯಿವರೆಗೆ ಶೇ 2.5, ಅಲ್ಲಿಂದ 75,000ದವರೆಗಿನ ಭಾಗಕ್ಕೆ ಶೇ 7.5. ಅಂದರೆ 60,000 ರೂಪಾಯಿ ದಾವೆಗೆ 375 ಮತ್ತು 3,375, ಒಟ್ಟು 3,750 ರೂಪಾಯಿ. ಕಟ್ಟುವ ಮುನ್ನ ಕೋರ್ಟ್ ಕಚೇರಿಯಲ್ಲಿ ಲೆಕ್ಕ ಖಚಿತಪಡಿಸಿಕೊಳ್ಳಿ. ಗೆದ್ದರೆ ಈ ಖರ್ಚನ್ನು ಎದುರು ಪಾರ್ಟಿಯಿಂದ ಕೊಡಿಸುವಂತೆ ಕೇಳಬಹುದು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಶುಲ್ಕ ವಾಪಸ್ ಬರುತ್ತದೆ.

ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಮತ್ತು ಆದಾಯ ಮಿತಿಯೊಳಗಿನವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಸಲ್ಲಿಸಿದ ಮೇಲೆ

ಕಚೇರಿಯವರು ಕಡತ ಪರಿಶೀಲಿಸಿ, ಕೊರತೆ ಇದ್ದರೆ ಆಕ್ಷೇಪಣೆ ಹಾಕುತ್ತಾರೆ. ಸರಿಪಡಿಸಿದ ಮೇಲೆ ಓ.ಎಸ್. ನಂಬರ್ ಬೀಳುತ್ತದೆ. ಜತೆಗೆ ಸಿಗುವ 16 ಅಂಕಿ-ಅಕ್ಷರಗಳ ಸಿ.ಎನ್.ಆರ್. ನಂಬರ್ ಹಾಕಿದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ತಾರೀಖು ಮೊಬೈಲಿನಲ್ಲೇ ಕಾಣುತ್ತದೆ. ಸಮನ್ಸ್ ತಲುಪಿದ 30 ದಿನದೊಳಗೆ ಪ್ರತಿವಾದಿ ಲಿಖಿತ ಹೇಳಿಕೆ ಕೊಡಬೇಕು. ಕೋರ್ಟು ಇದನ್ನು 90 ದಿನದವರೆಗೆ ವಿಸ್ತರಿಸಬಹುದು. ವಿಳಾಸ ತಪ್ಪಿದ್ದರೆ ಸಮನ್ಸ್ ವಾಪಸ್ ಬಂದು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಉದ್ರಿ ಕೊಡುವ ದಿನವೇ ಊರು, ತಂದೆ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಂಡರೆ ಈ ತಾಪತ್ರಯ ಬಹುಪಾಲು ತಪ್ಪುತ್ತದೆ.

ಗಡುವು ಈಗಾಗಲೇ ಮೀರಿದ್ದರೂ ಒಂದು ದಾರಿ ಉಳಿದಿದೆ. ಹಳೇ ಬಾಕಿ ಕೊಡುತ್ತೇನೆ ಎಂದು ಸಾಲಗಾರ ಹೊಸದಾಗಿ ಬರೆದು ಸಹಿ ಹಾಕಿಕೊಟ್ಟರೆ, ಕರಾರು ಕಾಯ್ದೆಯಡಿ ಆ ಮಾತು ಊರ್ಜಿತ. ಆದರೆ ಅದು ಸಾಲಗಾರನ ಮರ್ಜಿಗೆ ಬಿಟ್ಟದ್ದು. ಖಾತೆ ಪುಸ್ತಕ ತೆಗೆದು ಎರಡು ವರ್ಷ ಮೀರಿದ ಬಾಕಿಗಳನ್ನು ಈ ವಾರವೇ ಗುರುತು ಹಾಕಿಕೊಂಡರೆ, ಸಹಿ ಕೇಳಲೂ ಸಮಯವಿರುತ್ತದೆ, ದಾವೆ ಹಾಕಲೂ ಸಮಯವಿರುತ್ತದೆ.